ಕಾರಿನೊಳಗೆ ಸಿಕ್ಕಿಬಿದ್ದಾಗ: ಗಾಜು, ಬೆಲ್ಟು ಮತ್ತು ಒಂದು ನಿಮಿಷ

ರಸ್ತೆ ಅಪಘಾತದಲ್ಲಿ ಪ್ರಾಣಕ್ಕೆ ಬರುವ ಅಪಾಯ ಎರಡು ಬಗೆಯದು. ಒಂದು, ಢಿಕ್ಕಿಯ ಹೊಡೆತ. ತಲೆ, ಎದೆ, ಹೊಟ್ಟೆಗೆ ಬೀಳುವ ಪೆಟ್ಟು ಕ್ಷಣಮಾತ್ರದಲ್ಲಿ ಆಗಿಹೋಗುತ್ತದೆ. ಇನ್ನೊಂದು, ಹೊಡೆತದಿಂದ ಪಾರಾದ ಮೇಲೂ ಕಾರಿನಿಂದ ಹೊರಬರಲಾಗದೆ ಬರುವ ಅಪಾಯ. ಕಾರು ನಾಲೆಗೆ ಬಿದ್ದಿರುತ್ತದೆ, ಅಂಡರ್‌ಪಾಸಿನ ನೀರಿನಲ್ಲಿ ನಿಂತಿರುತ್ತದೆ, ಮಗುಚಿಕೊಂಡಿರುತ್ತದೆ ಅಥವಾ ಹೊತ್ತಿ ಉರಿಯತೊಡಗಿರುತ್ತದೆ. ಒಳಗಿದ್ದವರಿಗೆ ದೊಡ್ಡ ಗಾಯವೇನೂ ಆಗಿರುವುದಿಲ್ಲ, ಆದರೆ ಬಾಗಿಲು ತೆರೆಯುವುದಿಲ್ಲ. ಒಟ್ಟು ಸಾವುಗಳಲ್ಲಿ ಈ ಎರಡನೆಯ ಬಗೆಯವು ಕಡಿಮೆ. ಆದರೂ ಅವುಗಳಲ್ಲಿ ಹಲವನ್ನು ಅಂಗೈಯಗಲದ ಒಂದು ಸಾಧನದಿಂದ, ಅದಕ್ಕಿಂತ ಹೆಚ್ಚಾಗಿ ಮುಂಚಿತವಾದ ತಿಳಿವಳಿಕೆಯಿಂದ ತಪ್ಪಿಸಬಹುದು.

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ನಡೆದವು. ಸತ್ತವರು 1,68,491 ಮಂದಿ. ಅವರಲ್ಲಿ 16,715 ಮಂದಿ ಸೀಟ್ ಬೆಲ್ಟ್ ಹಾಕಿಕೊಂಡಿರಲಿಲ್ಲ. ಹೀಗಾಗಿ ಕಾರಿನಲ್ಲಿ ಇರಬೇಕಾದ ಮೊದಲ ಜೀವರಕ್ಷಕ ಸಾಧನ ಸುತ್ತಿಗೆಯೂ ಅಲ್ಲ, ಚಾಕುವೂ ಅಲ್ಲ. ಕಾರಿನ ಜೊತೆಗೇ ಬಂದಿರುವ ಬೆಲ್ಟು. ನೀರಿಗೆ ಬಿದ್ದ ಕಾರಿನಿಂದ ಹೊರಬರಬೇಕಾದರೆ ಮೊದಲು ಪ್ರಜ್ಞೆ ಇರಬೇಕು. ಬೆಲ್ಟ್ ಇಲ್ಲದವರ ತಲೆ ಮೊದಲ ಹೊಡೆತಕ್ಕೇ ಡ್ಯಾಶ್‌ಬೋರ್ಡಿಗೋ ಮುಂಗಾಜಿಗೋ ಬಡಿದಿರುತ್ತದೆ. ಬೆಲ್ಟ್ ಹಾಕಿದರೆ ಅದರಲ್ಲೇ ಸಿಕ್ಕಿಕೊಂಡು ಸಾಯುತ್ತೇವೆ ಎಂಬ ಭಯ ಅನೇಕರಲ್ಲಿದೆ. ಬೆಲ್ಟ್ ಜಾಮ್ ಆಗುವುದು ಅಪರೂಪ, ಬೆಲ್ಟ್ ಇಲ್ಲದೆ ತಲೆಗೆ ಪೆಟ್ಟು ಬೀಳುವುದು ದಿನನಿತ್ಯದ ಸಂಗತಿ. ಹಿಂದಿನ ಸೀಟಿಗೂ ಇದೇ ಮಾತು ಅನ್ವಯಿಸುತ್ತದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್‌ಘರ್ ಜಿಲ್ಲೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದರು. ಹಿಂದೆ ಕುಳಿತವರಿಗೂ ಬೆಲ್ಟ್ ಬೇಕೆಂಬ ನಿಯಮ ದೇಶದುದ್ದಕ್ಕೂ ಚರ್ಚೆಗೆ ಬಂದದ್ದು ಆ ಘಟನೆಯ ನಂತರವೇ.

ನೀರು: ತೇಲುವುದು, ಮುಳುಗುವುದು

ಕರ್ನಾಟಕದಲ್ಲಿ ಕಾರು ನೀರಿಗೆ ಬೀಳುವ ಸ್ಥಳಗಳು ಮುಖ್ಯವಾಗಿ ಎರಡು. ಒಂದು ನಾಲೆ ಮತ್ತು ಕೆರೆ ಏರಿಗಳ ಮೇಲಿನ ರಸ್ತೆ, ಇನ್ನೊಂದು ನಗರಗಳ ಅಂಡರ್‌ಪಾಸ್. ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆ ಇಂಥ ದುರಂತಗಳಿಗೆ ಹೆಸರಾಗಿದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಈ ನಾಲೆಗೆ ಉರುಳಿ 30 ಮಂದಿ ಸತ್ತರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. 2023ರ ನವೆಂಬರ್‌ನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರು ನಾಲೆಗೆ ಬಿದ್ದು ಐವರು ಪ್ರಾಣ ಕಳೆದುಕೊಂಡರು. ತಡೆಗೋಡೆಯಿಲ್ಲದ ಏರಿ, ಕಿರಿದಾದ ತಿರುವು, ರಾತ್ರಿಯ ಕತ್ತಲು ಒಂದಾದರೆ ಚಾಲಕನ ಒಂದು ಕ್ಷಣದ ತಪ್ಪು ನೀರಿಗೇ ಕೊಂಡೊಯ್ಯುತ್ತದೆ. ಕಾಂಕ್ರೀಟ್ ಹಾಕಿದ ನಾಲೆಯ ದಡ ಇಳಿಜಾರಾಗಿದ್ದು ಪಾಚಿಗಟ್ಟಿರುತ್ತದೆ. ಕಾರಿನಿಂದ ಹೊರಬಿದ್ದವರಿಗೂ ಅದನ್ನು ಹತ್ತುವುದು ಕಷ್ಟ.

ನಗರದ ಉದಾಹರಣೆ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್. 2023ರ ಮೇ 21ರ ಭಾನುವಾರ ಮಧ್ಯಾಹ್ನ ಆಲಿಕಲ್ಲಿನೊಂದಿಗೆ ಸುರಿದ ಮಳೆಗೆ ಅಲ್ಲಿ ನೀರು ತುಂಬಿತ್ತು. ಆಂಧ್ರದಿಂದ ಬಂದಿದ್ದ ಕುಟುಂಬವೊಂದನ್ನು ಕೂರಿಸಿಕೊಂಡ ಬಾಡಿಗೆ ಕಾರು ಆ ನೀರಿಗೆ ಇಳಿಯಿತು. ಇನ್ನೊಂದು ತುದಿಗೆ ತಲುಪಿಬಿಡಬಹುದು ಎಂಬ ಲೆಕ್ಕ ತಪ್ಪಿ ಕಾರು ನಡುವೆಯೇ ನಿಂತಿತು, ನೋಡನೋಡುತ್ತಿದ್ದಂತೆ ನೀರು ಏರಿತು. ಅಕ್ಕಪಕ್ಕದ ಜನ ಮತ್ತು ಅಗ್ನಿಶಾಮಕ ಸಿಬ್ಬಂದಿ ಉಳಿದವರನ್ನು ಹೊರಗೆಳೆದರೂ ಇಪ್ಪತ್ತೆರಡು ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಯುವತಿಯೊಬ್ಬಳು ಬದುಕಲಿಲ್ಲ. ವಿಧಾನಸೌಧದಿಂದ ಕೂಗಳತೆಯ ದೂರದಲ್ಲಿ, ಹಾಡಹಗಲಲ್ಲೇ ಇದು ನಡೆಯಿತು. 2005ರ ಜುಲೈ 26ರ ಮುಂಬೈ ಪ್ರವಾಹದಲ್ಲೂ ನಿಂತ ಕಾರುಗಳೊಳಗೆ ಸಿಕ್ಕಿಕೊಂಡು ಹಲವರು ಸತ್ತಿದ್ದರು. ಕಾರಿನಲ್ಲೊಂದು ಸುತ್ತಿಗೆ ಇಟ್ಟುಕೊಳ್ಳುವ ರೂಢಿ ಮುಂಬೈಯಲ್ಲಿ ಬೆಳೆದದ್ದು ಆಗಲೇ.

ನೀರು ಎಷ್ಟು ಆಳವಿದ್ದರೆ ಅಪಾಯ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಸಣ್ಣ ಕಾರೊಂದರ ತಳ ಸುಮಾರು ಮೂರೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಎಂದುಕೊಳ್ಳೋಣ. ತಳದ ಮಟ್ಟಕ್ಕಿಂತ ನೀರು 20 ಸೆಂಟಿಮೀಟರ್ ಮೇಲೇರಿದರೆ ಕಾರು ಸರಿಸುವ ನೀರಿನ ತೂಕ ಒಂದು ಟನ್ನಿನಷ್ಟಾಗುತ್ತದೆ. ಸಣ್ಣ ಕಾರಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನೀರು ಒಳಗೆ ನುಗ್ಗುವ ಮೊದಲೇ ಚಕ್ರಗಳು ನೆಲದ ಹಿಡಿತ ಕಳೆದುಕೊಂಡು ಕಾರು ತೇಲುತ್ತದೆ. ನೆಲದಿಂದ ಅಳೆದರೆ ಇದು ಮೊಣಕಾಲಿನ ಮಟ್ಟವನ್ನೂ ದಾಟದ ನೀರು. ಹರಿಯುವ ನೀರು 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರುಗಳನ್ನು, 60 ಸೆಂಟಿಮೀಟರ್ ಇದ್ದರೆ ಬಹುತೇಕ ಎಲ್ಲ ಕಾರುಗಳನ್ನು ಕೊಚ್ಚಿಕೊಂಡು ಹೋಗಬಲ್ಲದು ಎಂದು ಅಮೆರಿಕದ ಹವಾಮಾನ ಸಂಸ್ಥೆ ವರ್ಷಗಳಿಂದ ಎಚ್ಚರಿಸುತ್ತಿದೆ. ಸೇತುವೆ ಮುಳುಗಿರುವ ಹಳ್ಳದಲ್ಲಿ, ತಳ ಕಾಣದ ಅಂಡರ್‌ಪಾಸಿನಲ್ಲಿ ಮುಂದಿನ ಬಸ್ಸು ದಾಟಿತು ಎಂಬುದು ಕಾರಿಗೆ ಧೈರ್ಯವಾಗಬಾರದು. ಬಸ್ಸಿನ ತೂಕ ಬೇರೆ, ಎತ್ತರ ಬೇರೆ. ಕಾರನ್ನು ಹಿಂದಕ್ಕೆ ತಿರುಗಿಸಿಕೊಳ್ಳುವುದೇ ಇಲ್ಲಿ ಸರಿಯಾದ ಉಪಾಯ.

ಬಾಗಿಲು ಏಕೆ ತೆರೆಯುವುದಿಲ್ಲ

ನೀರಿನಲ್ಲಿ ನಿಂತ ಕಾರಿನ ಬಾಗಿಲು ತೆರೆಯದಿರುವುದಕ್ಕೆ ಬೀಗ ಕೆಟ್ಟಿರಬೇಕಾಗಿಲ್ಲ. ಹೊರಗಿನ ನೀರು ಬಾಗಿಲನ್ನು ಒಳಕ್ಕೆ ಒತ್ತುತ್ತಿರುತ್ತದೆ. ಬಾಗಿಲಿನ ಅಗಲ ಒಂದು ಮೀಟರ್ ಎಂದು ಹಿಡಿದರೆ, ಅದರ ಕೆಳ ಅಂಚಿನಿಂದ 30 ಸೆಂಟಿಮೀಟರ್ ಎತ್ತರ ನೀರು ನಿಂತಾಗ ಒಟ್ಟು ಒತ್ತಡ ಸುಮಾರು 45 ಕೆ.ಜಿ. ಭಾರಕ್ಕೆ ಸಮ. ನೀರು 60 ಸೆಂಟಿಮೀಟರಿಗೆ ಏರಿದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗಿ 180 ಕೆ.ಜಿ. ಮುಟ್ಟುತ್ತದೆ. ಹಿಡಿಕೆಯಿರುವ ಅಂಚಿಗೆ ಕೈಕೊಟ್ಟು ತಳ್ಳಿದರೂ ಅದರ ಅರ್ಧದಷ್ಟು, ಅಂದರೆ 90 ಕೆ.ಜಿ. ಬಲ ಬೇಕು. ಸೀಟಿನಲ್ಲಿ ಕುಳಿತು ಪಕ್ಕಕ್ಕೆ ತಿರುಗಿ ಇಷ್ಟು ಬಲ ಹಾಕುವುದು ಸಾಮಾನ್ಯರಿಂದ ಆಗದು.

ಒಳಗೂ ಹೊರಗೂ ನೀರು ಸಮವಾದಾಗ ಒತ್ತಡ ತಪ್ಪಿ ಬಾಗಿಲು ತೆರೆಯುತ್ತದೆ ಎಂಬುದು ಭೌತಶಾಸ್ತ್ರದ ಪ್ರಕಾರ ನಿಜ. ಈ ಕಾರಣಕ್ಕೇ 'ಕಾರು ಪೂರ್ತಿ ತುಂಬುವವರೆಗೆ ಕಾಯಿರಿ' ಎಂಬ ಸಲಹೆ ಬಹುಕಾಲ ಚಾಲ್ತಿಯಲ್ಲಿತ್ತು. ಅಷ್ಟು ಹೊತ್ತಿಗೆ ಒಳಗಿನವರು ನೀರು ಕುಡಿದು ಉಸಿರು ಕಟ್ಟಿರುತ್ತಾರೆ ಎಂಬುದು ಆ ಸಲಹೆಯ ಲೋಪ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗಾರ್ಡನ್ ಗೀಸ್‌ಬ್ರೆಕ್ಟ್ ಹತ್ತಾರು ಬಾರಿ ನಿಜವಾದ ಕಾರುಗಳನ್ನು, ಒಳಗೆ ಮನುಷ್ಯರನ್ನು ಕೂರಿಸಿಯೇ, ನೀರಿಗೆ ಇಳಿಸಿ ಇದನ್ನು ಪರೀಕ್ಷಿಸಿದರು. ನೀರಿಗೆ ಬಿದ್ದ ಕಾರು ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಎರಡು ನಿಮಿಷದವರೆಗೆ ತೇಲುತ್ತದೆ. ಎಂಜಿನ್ ಮುಂದಿರುವ ಕಾರು ಮೂತಿ ಕೆಳಗೆ ಮಾಡಿ ವಾಲುತ್ತದೆ. ನೀರು ಕಿಟಕಿಯ ಗಾಜಿನ ಮಟ್ಟ ಮುಟ್ಟುವವರೆಗೆ ಗಾಜು ಇಳಿಸಬಹುದು. ಆಮೇಲೆ ಹೊರಗಿನ ನೀರು ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿಯುವುದರಿಂದ ಅದು ಜಾರುವುದಿಲ್ಲ. ಆದ್ದರಿಂದ ತೇಲುತ್ತಿರುವ ಮೊದಲ ಒಂದು ನಿಮಿಷವೇ ಕೈಯಲ್ಲಿರುವ ಕಾಲ.

ಆ ನಿಮಿಷದಲ್ಲಿ ಮಾಡಬೇಕಾದ ಕೆಲಸಗಳ ಕ್ರಮವನ್ನೂ ಅವರ ಅಧ್ಯಯನ ಗೊತ್ತುಪಡಿಸಿತು. ಮೊದಲು ಬೆಲ್ಟ್ ಬಿಚ್ಚುವುದು, ಆಮೇಲೆ ಕಿಟಕಿ ತೆರೆಯುವುದು, ಇಳಿಯದಿದ್ದರೆ ಒಡೆಯುವುದು. ನಂತರ ಮಕ್ಕಳನ್ನು ದೊಡ್ಡವರಿಂದ ಆರಂಭಿಸಿ ಕಿಟಕಿಯಿಂದ ಹೊರಗೆ ಕಳುಹಿಸುವುದು, ಕೊನೆಗೆ ತಾವೂ ಹೊರಬರುವುದು. ದೊಡ್ಡ ಮಗು ತಾನೇ ಹೊರಬಿದ್ದು ಕಾರನ್ನು ಹಿಡಿದುಕೊಳ್ಳಬಲ್ಲದು, ಕೂಸನ್ನು ಹಿರಿಯರು ಎತ್ತಿಕೊಂಡೇ ಹೊರಬರಬೇಕಾಗುತ್ತದೆ. ಮಾಡಬಾರದ ಕೆಲಸಗಳು ಎರಡು. ಒಂದು, ಬಾಗಿಲು ತೆರೆಯುವುದು. ತೇಲುತ್ತಿರುವಾಗ ಅದು ಹೇಗೋ ತೆರೆದರೂ ನೀರು ಒಮ್ಮೆಲೇ ನುಗ್ಗಿ, ಎರಡು ನಿಮಿಷ ತೇಲಬೇಕಾದ ಕಾರು ಕೆಲವೇ ಸೆಕೆಂಡುಗಳಲ್ಲಿ ಮುಳುಗುತ್ತದೆ, ಒಳಗೆ ಉಳಿದವರಿಗೆ ದಾರಿಯೇ ಇರುವುದಿಲ್ಲ. ಇನ್ನೊಂದು, ಫೋನ್ ಮಾಡುವುದು. ಪೊಲೀಸರಿಗೋ ಮನೆಗೋ ಕರೆ ಮಾಡಿ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಆ ಒಂದು ನಿಮಿಷ ಕಳೆದಿರುತ್ತದೆ. ಕರೆಯನ್ನು ದಡ ಸೇರಿದ ಮೇಲೂ ಮಾಡಬಹುದು.

ಕಾರು ನೀರಿಗೆ ಬಿದ್ದೊಡನೆ ಪವರ್ ವಿಂಡೋ ಕೆಲಸ ನಿಲ್ಲಿಸುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಬ್ಯಾಟರಿ ಮತ್ತು ತಂತಿಗಳಿಗೆ ನೀರು ತಗಲಿದ ಮೇಲೂ ಸ್ವಿಚ್ಚುಗಳು ಸ್ವಲ್ಪ ಹೊತ್ತು ಕೆಲಸ ಮಾಡುವುದುಂಟು. ಹಾಗಾಗಿ ಮೊದಲು ಸ್ವಿಚ್ ಒತ್ತಿ ನೋಡಬೇಕು, ಅದು ಕೈಕೊಟ್ಟರೆ ತಡಮಾಡದೆ ಗಾಜು ಒಡೆಯಲು ತಯಾರಿರಬೇಕು. ಹಿಂದಿನ ಬಾಗಿಲುಗಳಲ್ಲಿ ಚೈಲ್ಡ್ ಲಾಕ್ ಹಾಕಿದ್ದರೆ ಒಳಗಿನ ಹಿಡಿಕೆ ಎಳೆದು ಪ್ರಯೋಜನವಿಲ್ಲ ಎಂಬುದೂ ನೆನಪಿರಬೇಕು.

ಎರಡು ಬಗೆಯ ಗಾಜು

ಗಾಜು ಒಡೆಯುವ ಸಾಧನ ಕೊಳ್ಳುವ ಮೊದಲು ಕಾರಿನ ಗಾಜು ಯಾವುದೆಂದು ತಿಳಿಯಬೇಕು. ಕಾರುಗಳಲ್ಲಿ ಬಳಸುವ ಸುರಕ್ಷಾ ಗಾಜು ಎರಡು ಬಗೆಯದು: ಟೆಂಪರ್ಡ್ ಮತ್ತು ಲ್ಯಾಮಿನೇಟೆಡ್.

ಟೆಂಪರ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ ಎರಡೂ ಬದಿಯಿಂದ ಗಾಳಿ ಹಾಯಿಸಿ ಫಕ್ಕನೆ ತಣಿಸುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ತಣಿದು ಕುಗ್ಗುವಾಗ ಮೇಲ್ಮೈಯನ್ನು ಒಳಕ್ಕೆ ಎಳೆಯುತ್ತದೆ. ಪರಿಣಾಮವಾಗಿ ಮೇಲ್ಮೈ ಸದಾ ಅದುಮಿದ ಸ್ಥಿತಿಯಲ್ಲಿ, ಒಳಭಾಗ ಸದಾ ಎಳೆದ ಸ್ಥಿತಿಯಲ್ಲಿ ಉಳಿಯುತ್ತದೆ. ಮಾಮೂಲಿ ಗಾಜಿಗಿಂತ ಇದು ಸುಮಾರು ನಾಲ್ಕು ಪಟ್ಟು ಗಟ್ಟಿ. ಮುಷ್ಟಿ, ಮೊಣಕೈ, ಚಪ್ಪಲಿಕಾಲಿನ ಒದೆತ, ಮೊಬೈಲಿನ ಹೊಡೆತ ಯಾವುದಕ್ಕೂ ಜಗ್ಗುವುದಿಲ್ಲ. ಆ ಪೆಟ್ಟುಗಳೆಲ್ಲ ಅಗಲವಾದ ಜಾಗಕ್ಕೆ ಹರಡಿ ಹೋಗುತ್ತವೆ. ಆದರೆ ಸೂಜಿಮೊನೆಯಷ್ಟು ಜಾಗದಲ್ಲಿ ಬಲ ಬಿದ್ದು ಅದುಮಿದ ಪದರವನ್ನು ದಾಟಿ ಒಂದು ಬಿರುಕು ಒಳಗಿನ ಎಳೆತದ ಭಾಗ ಮುಟ್ಟಿದರೆ ಸಾಕು. ಅಲ್ಲಿ ಅಡಗಿದ್ದ ಶಕ್ತಿಯೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಇಡೀ ಗಾಜು ಕಲ್ಲುಸಕ್ಕರೆಯ ಹರಳುಗಳಂತೆ ಸಣ್ಣ ಸಣ್ಣ ಮೊಂಡು ಚೂರುಗಳಾಗಿ ಉದುರುತ್ತದೆ. ಸಾಮಾನ್ಯ ಕಾರುಗಳ ಪಕ್ಕದ ಕಿಟಕಿಗಳಿಗೂ ಹಿಂಗಾಜಿಗೂ ಹೆಚ್ಚಾಗಿ ಬಳಸುವುದು ಈ ಗಾಜನ್ನೇ.

ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಗಾಜಿನ ಹಾಳೆಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪ್ಲಾಸ್ಟಿಕ್ಕಿನ ಪದರವಿರುತ್ತದೆ. ಈ ಕಲ್ಪನೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎಡ್ವಾರ್ಡ್ ಬೆನೆಡಿಕ್ಟಸ್ ಅವರದು. 1903ರಲ್ಲಿ ಅವರ ಪ್ರಯೋಗಶಾಲೆಯಲ್ಲಿ ಕೆಳಗೆ ಬಿದ್ದ ಗಾಜಿನ ಪಾತ್ರೆಯೊಂದು ಬಿರುಕುಬಿಟ್ಟರೂ ಚದುರಲಿಲ್ಲ. ಅದರೊಳಗೆ ಒಣಗಿ ಅಂಟಿಕೊಂಡಿದ್ದ ಸೆಲ್ಯುಲೋಸ್ ನೈಟ್ರೇಟ್ ಚೂರುಗಳನ್ನು ಹಿಡಿದಿಟ್ಟಿತ್ತು. 1909ರಲ್ಲಿ ಅವರು ಇಂಥ ಗಾಜಿಗೆ ಪೇಟೆಂಟ್ ಪಡೆದರು. ಇಂದು ಕಾರುಗಳ ಮುಂಗಾಜು ಈ ಬಗೆಯದು. ಕಲ್ಲು ಬಡಿದರೆ ಜೇಡರ ಬಲೆಯಂಥ ಬಿರುಕು ಮೂಡುತ್ತದೆಯೇ ಹೊರತು ಚೂರುಗಳು ಮುಖಕ್ಕೆ ಹಾರುವುದಿಲ್ಲ, ಒಳಗಿದ್ದವರು ಹೊರಗೆ ಎಸೆಯಲ್ಪಡುವುದೂ ತಪ್ಪುತ್ತದೆ. ಆದ್ದರಿಂದಲೇ ಮುಂಗಾಜು ಒಡೆದು ಹೊರಬರುವ ಯತ್ನಕ್ಕೆ ಕೈಹಾಕಬಾರದು.

ಕೆಲವು ದುಬಾರಿ ಕಾರುಗಳಲ್ಲಿ ಹೊರಗಿನ ಸದ್ದು ತಡೆಯಲೆಂದು, ಉರುಳಿದಾಗ ಪ್ರಯಾಣಿಕರು ಹೊರಗೆ ಬೀಳದಿರಲೆಂದು ಪಕ್ಕದ ಕಿಟಕಿಗಳಿಗೂ ಲ್ಯಾಮಿನೇಟೆಡ್ ಗಾಜು ಹಾಕುವುದು ಹೆಚ್ಚುತ್ತಿದೆ. ಅಮೆರಿಕದ ವಾಹನ ಮಾಲೀಕರ ಸಂಸ್ಥೆ ಎಎಎ 2019ರಲ್ಲಿ ಗಾಜು ಒಡೆಯುವ ಆರು ಸಾಧನಗಳನ್ನು ಪರೀಕ್ಷಿಸಿತು. ಟೆಂಪರ್ಡ್ ಗಾಜನ್ನು ಆರರಲ್ಲಿ ನಾಲ್ಕು ಒಡೆದವು. ಲ್ಯಾಮಿನೇಟೆಡ್ ಗಾಜನ್ನು ಒಂದೂ ಒಡೆಯಲಿಲ್ಲ, ಬಿರುಕುಬಿಟ್ಟ ಗಾಜು ಚೌಕಟ್ಟಿನಲ್ಲೇ ಉಳಿಯಿತು. ಅಲ್ಲಿನ 2018ರ ಮಾದರಿಗಳಲ್ಲಿ ಸುಮಾರು ಮೂರರಲ್ಲೊಂದು ಪಕ್ಕದ ಕಿಟಕಿಗೆ ಲ್ಯಾಮಿನೇಟೆಡ್ ಗಾಜು ಹೊಂದಿತ್ತು ಎಂಬುದನ್ನೂ ಸಂಸ್ಥೆ ತಿಳಿಸಿತು.

ಯಾವ ಕಿಟಕಿಗೆ ಯಾವ ಗಾಜು ಎಂಬುದನ್ನು ಕಂಡುಕೊಳ್ಳುವುದು ಸುಲಭ. ಪ್ರತಿ ಗಾಜಿನ ಕೆಳಮೂಲೆಯಲ್ಲಿ ತಯಾರಕರ ಗುರುತು ಅಚ್ಚಾಗಿರುತ್ತದೆ. ಅಲ್ಲಿ 'ಟೆಂಪರ್ಡ್' ಅಥವಾ 'ಟಫನ್ಡ್' ಎಂದಿದ್ದರೆ ಒಡೆಯಬಹುದು, 'ಲ್ಯಾಮಿನೇಟೆಡ್' ಎಂದಿದ್ದರೆ ಆ ಕಿಟಕಿಯನ್ನು ಬಿಟ್ಟುಬಿಡಬೇಕು. ಗುರುತು ಸ್ಪಷ್ಟವಿಲ್ಲದಿದ್ದರೆ ಕಾರಿನ ಕೈಪಿಡಿ ನೋಡಬಹುದು ಅಥವಾ ಸರ್ವಿಸ್ ಸೆಂಟರಿನಲ್ಲಿ ಕೇಳಬಹುದು. ಮುಂದಿನ ಕಿಟಕಿಗಳು ಲ್ಯಾಮಿನೇಟೆಡ್ ಆಗಿದ್ದು ಹಿಂದಿನವು ಟೆಂಪರ್ಡ್ ಆಗಿರುವ ಕಾರುಗಳೂ ಇವೆ. ಗಾಜಿಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ್ದರೆ ಇನ್ನೊಂದು ತೊಡಕು: ಟೆಂಪರ್ಡ್ ಗಾಜು ಒಡೆದರೂ ಚೂರುಗಳು ಫಿಲ್ಮಿಗೆ ಅಂಟಿ ನಿಲ್ಲುತ್ತವೆ. ಆಗ ಒಡೆದ ಗಾಜನ್ನು ಕಾಲಿನಿಂದ ಒದ್ದು ಅಥವಾ ತಳ್ಳಿ ಹೊರಹಾಕಬೇಕಾಗುತ್ತದೆ.

ಯಾವ ಸಾಧನ, ಹೇಗೆ ಬಳಕೆ

ಮಾರುಕಟ್ಟೆಯಲ್ಲಿ ಸಿಗುವ ಗಾಜು ಒಡೆಯುವ ಸಾಧನಗಳು ಎರಡು ತರಹದವು. ಮೊದಲನೆಯದು ಎರಡೂ ಬದಿಗೆ ಉಕ್ಕಿನ ಮೊನೆಯಿರುವ ಪುಟ್ಟ ಸುತ್ತಿಗೆ. ಎ.ಸಿ. ಬಸ್ಸುಗಳ ಕಿಟಕಿಯ ಮಗ್ಗುಲಲ್ಲಿ ತೂಗುಹಾಕಿರುವ ಕೆಂಪು ಸುತ್ತಿಗೆ ಇದೇ ಜಾತಿಯದು. ಎರಡನೆಯದು ಹೆಬ್ಬೆರಳಿನಷ್ಟು ಗಾತ್ರದ ಸ್ಪ್ರಿಂಗ್ ಪಂಚ್. ಅದನ್ನು ಗಾಜಿಗೆ ಒತ್ತಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗಿ, ಒಂದು ಹಂತ ದಾಟಿದ ಕೂಡಲೇ ಗಟ್ಟಿ ಲೋಹದ ಮೊನೆಯನ್ನು ಗಾಜಿಗೆ ಚಿಮ್ಮಿಸುತ್ತದೆ. ಹಲವು ಸಾಧನಗಳಲ್ಲಿ ಇದರ ಜೊತೆಗೇ ಬೆಲ್ಟ್ ಕತ್ತರಿಸುವ ಬ್ಲೇಡೂ ಇರುತ್ತದೆ. ಎಎಎ ಪರೀಕ್ಷೆಯಲ್ಲಿ ಸುತ್ತಿಗೆಗಿಂತ ಸ್ಪ್ರಿಂಗ್ ಪಂಚೇ ಹೆಚ್ಚು ಸಮರ್ಥ ಎಂದು ಕಂಡುಬಂತು. ಕಾರಣ ಸರಳ. ಸುತ್ತಿಗೆ ಬೀಸಲು ಜಾಗ ಬೇಕು, ತೋಳಿನ ಬಲ ಬೇಕು. ನೀರೊಳಗೆ ಬೀಸಿದರೆ ನೀರೇ ಅದರ ವೇಗ ತಗ್ಗಿಸುತ್ತದೆ. ಪಂಚ್‌ಗೆ ಬೀಸುವ ಅಗತ್ಯವಿಲ್ಲ. ವಯಸ್ಸಾದವರು, ಕೈಗೆ ಪೆಟ್ಟಾದವರು ಕೂಡ ಒತ್ತಬಹುದು.

ಗಾಜಿನ ನಡುಭಾಗ ಸ್ವಲ್ಪ ಬಾಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಅಂಚಿನ ಬಳಿ ಅದು ಚೌಕಟ್ಟಿಗೆ ಬಿಗಿಯಾಗಿ ಕೂತಿರುವುದರಿಂದ ಬಾಗುವುದಿಲ್ಲ. ಆದ್ದರಿಂದ ಹೊಡೆಯಬೇಕಾದದ್ದು ಕಿಟಕಿಯ ಮೂಲೆಗೆ, ಅಂಚಿನಿಂದ ನಾಲ್ಕೈದು ಬೆರಳು ಒಳಗೆ. ಪಂಚನ್ನು ಗಾಜಿಗೆ ನೇರವಾಗಿ ಹಿಡಿದು ಒತ್ತಬೇಕು, ಓರೆ ಹಿಡಿದರೆ ಜಾರುತ್ತದೆ. ಮುಖವನ್ನು ಗಾಜಿನಿಂದ ಆಚೆಗೆ ತಿರುಗಿಸಿ ಕಣ್ಣು ಮುಚ್ಚಿಕೊಳ್ಳಬೇಕು. ಗಾಜು ಒಡೆದ ಮೇಲೆ ಚೌಕಟ್ಟಿನಲ್ಲಿ ಉಳಿದ ಚೂರುಗಳನ್ನು ಸಾಧನದಿಂದಲೇ ಸವರಿ ಬೀಳಿಸಿ, ಸಮಯವಿದ್ದರೆ ಬಟ್ಟೆಯನ್ನೋ ಕಾರಿನ ಮ್ಯಾಟನ್ನೋ ಅಂಚಿನ ಮೇಲೆ ಹಾಸಿಕೊಂಡು ಹೊರಬರಬೇಕು. ನೀರಿನಲ್ಲಿದ್ದಾಗ ಗಾಜು ಒಡೆದೊಡನೆ ನೀರು ಒಳಕ್ಕೆ ನುಗ್ಗುತ್ತದೆ. ಅದಕ್ಕೇ ಬೆಲ್ಟ್ ಬಿಚ್ಚುವುದು, ಮಕ್ಕಳನ್ನು ಹತ್ತಿರ ಎಳೆದುಕೊಳ್ಳುವುದು ಮುಗಿದ ಮೇಲೆಯೇ ಗಾಜಿಗೆ ಕೈಹಾಕಬೇಕು. ಹೊರಗಿನಿಂದ ಬಿಡಿಸುವವರು ಗಾಯಾಳುವಿನಿಂದ ಆದಷ್ಟು ದೂರದ ಕಿಟಕಿಯನ್ನು ಆರಿಸಿಕೊಳ್ಳಬೇಕು.

ಸೀಟಿನ ಹೆಡ್‌ರೆಸ್ಟನ್ನು ಕಿತ್ತು ಅದರ ಸರಳಿನಿಂದ ಗಾಜು ಒಡೆಯಬಹುದು ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತುತ್ತದೆ. ಹಿಂದಿನಿಂದ ವಾಹನ ಗುದ್ದಿದಾಗ ಕತ್ತು ಹಿಂದಕ್ಕೆ ಬಾಗದಂತೆ ತಡೆಯುವುದು ಹೆಡ್‌ರೆಸ್ಟಿನ ಕೆಲಸ. ಅದರ ಸರಳನ್ನು ಗಾಜು ಮತ್ತು ಬಾಗಿಲಿನ ಸಂದಿಗೆ ತೂರಿಸಿ ಮೀಟಿದರೆ ಗಾಜು ಒಡೆಯಬಹುದು. ಆದರೆ ಕೆಲವು ಕಾರುಗಳಲ್ಲಿ ಹೆಡ್‌ರೆಸ್ಟ್ ಸೀಟಿಗೇ ಸೇರಿಕೊಂಡಿರುತ್ತದೆ, ಕೆಲವುಗಳಲ್ಲಿ ಗುಂಡಿ ಒತ್ತಿ ಹೊರತೆಗೆಯುವುದೇ ಹೆಣಗಾಟ. ಬೇರೇನೂ ಇಲ್ಲದಾಗಿನ ಕೊನೆಯ ಯತ್ನವೆಂದಷ್ಟೇ ಅದನ್ನು ಎಣಿಸಬೇಕು.

ಬೆಲ್ಟ್ ಕಟರ್ ಎಂದರೆ ಕೊಕ್ಕೆಯಂತೆ ಬಾಗಿದ ಹಿಡಿಕೆಯೊಳಗೆ ಅಡಗಿಸಿಟ್ಟ ಹರಿತ ಬ್ಲೇಡು. ಬ್ಲೇಡು ಒಳಗಿರುವುದರಿಂದ ಕೈಗೋ ಮೈಗೋ ತಗಲುವುದಿಲ್ಲ. ಬೆಲ್ಟನ್ನು ಒಂದು ಕೈಯಿಂದ ಬಿಗಿಯಾಗಿ ಎಳೆದು ಹಿಡಿದು, ಕಟರನ್ನು ಓರೆಯಾಗಿ ಒಂದೇ ಎಳೆತಕ್ಕೆ ಎಳೆಯಬೇಕು. ಸಡಿಲ ಬೆಲ್ಟು ಬ್ಲೇಡಿಗೆ ಸಿಗದೆ ಮಡಚಿಕೊಳ್ಳುತ್ತದೆ. ಇದರ ಅಗತ್ಯ ಹೆಚ್ಚಾಗಿ ಬೀಳುವುದು ಕಾರು ಮಗುಚಿದಾಗ. ಮೈಭಾರವೆಲ್ಲ ಬೆಲ್ಟಿನ ಮೇಲೆ ಜೋತುಬಿದ್ದು ಬಕಲ್ ಗುಂಡಿ ಒತ್ತಿದರೂ ಬಿಟ್ಟುಕೊಳ್ಳದೇ ಇರಬಹುದು. ಬಿಚ್ಚುವ ಅಥವಾ ಕತ್ತರಿಸುವ ಮುನ್ನ ಒಂದು ಕೈಯನ್ನು ಕೆಳಗಾಗಿರುವ ಚಾವಣಿಗೆ ಊರಿ, ಕಾಲುಗಳನ್ನು ಒತ್ತಿ ಹಿಡಿದು ಮೈಭಾರ ತಡೆದುಕೊಳ್ಳಬೇಕು. ಇಲ್ಲದಿದ್ದರೆ ದೇಹ ತಲೆಯ ಮೇಲೆಯೇ ಬಿದ್ದು, ಅಪಘಾತದಲ್ಲಿ ಉಳಿದ ಕತ್ತು ಬಿಡುಗಡೆಯಾಗುವಾಗ ಮುರಿಯಬಹುದು.

ಎಲ್ಲಿ ಇಡಬೇಕು

ಸಾಧನ ಇದ್ದೂ ಉಪಯೋಗಕ್ಕೆ ಬಾರದಿರುವುದಕ್ಕೆ ಮುಖ್ಯ ಕಾರಣ ಅದನ್ನು ಇಟ್ಟ ಜಾಗ. ಡಿಕ್ಕಿಯಲ್ಲಿ ಟೂಲ್ ಕಿಟ್ಟಿನ ಜೊತೆ ಇಟ್ಟ ಸುತ್ತಿಗೆಯಿಂದ ಏನೂ ಆಗದು. ಗ್ಲೋವ್ ಬಾಕ್ಸಿನಲ್ಲಿದ್ದರೆ ಮುಂಭಾಗ ನಜ್ಜುಗುಜ್ಜಾದಾಗ ಅದರ ಮುಚ್ಚಳ ತೆರೆಯುವುದಿಲ್ಲ, ಚಾಲಕನ ಕೈಗೆ ಎಟುಕುವುದೂ ಇಲ್ಲ. ಬೆಲ್ಟ್ ಹಾಕಿಕೊಂಡೇ, ಕತ್ತಲಲ್ಲಿ ತಡಕಾಡಿದರೂ ಕೈಗೆ ಸಿಗುವಂತಿರಬೇಕು ಎಂಬುದು ಸ್ಥಳವನ್ನು ಆರಿಸುವ ಅಳತೆಗೋಲು. ಸೀಟಿನ ಪಕ್ಕದ ಕನ್ಸೋಲಿನ ಬದಿಗೆ ವೆಲ್‌ಕ್ರೋ ಪಟ್ಟಿಯಿಂದ ಅಂಟಿಸಬಹುದು, ಬಾಗಿಲಿನ ಜೇಬಿನಲ್ಲಿ ಕ್ಲಿಪ್ಪಿಗೆ ಸಿಕ್ಕಿಸಬಹುದು. ಸ್ಟೀರಿಂಗ್ ಅಥವಾ ಏರ್‌ಬ್ಯಾಗ್ ಉಬ್ಬುವ ಜಾಗದ ಮುಂದೆ ಏನನ್ನೂ ತೂಗುಹಾಕಬಾರದು. ಹಿಂದೆ ಕುಳಿತವರಿಗೆ ಇನ್ನೊಂದು ಸಾಧನ ಬೇಕು. ಮಕ್ಕಳು ಆಟಕ್ಕೆ ಎಳೆದುಕೊಳ್ಳದಷ್ಟು ಎತ್ತರದಲ್ಲಿ ಅದಿರಲಿ.

ಯಾವುದನ್ನೂ ಬಿಡಿಯಾಗಿ ಇಡಬಾರದು. ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದ ಕಾರು ಗಕ್ಕನೆ ನಿಂತಾಗ ಸೀಟಿನ ಮೇಲೆ ಬಿಡಿಯಾಗಿದ್ದ ಸುತ್ತಿಗೆಯೋ ಬೆಂಕಿ ನಂದಿಸುವ ಸಿಲಿಂಡರೋ ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಸಾಧನ ಎಲ್ಲಿದೆ, ಹೇಗೆ ಬಳಸುವುದು ಎಂಬುದು ಮನೆಯವರೆಲ್ಲರಿಗೂ ಗೊತ್ತಿರಬೇಕು. ಚಾಲಕನಿಗೇ ಎಚ್ಚರ ತಪ್ಪಿರಬಹುದು. ನಿಂತ ಕಾರಿನಲ್ಲಿ ಕಣ್ಣು ಮುಚ್ಚಿಕೊಂಡು ಬೆಲ್ಟ್ ಬಿಚ್ಚಿ, ಸಾಧನ ಕೈಗೆ ತೆಗೆದುಕೊಂಡು ಕಿಟಕಿಯ ಮೂಲೆ ಮುಟ್ಟುವುದನ್ನು ಒಂದೆರಡು ಬಾರಿ ಅಭ್ಯಾಸ ಮಾಡಿದರೆ ಕೈಗೆ ಆ ದಾರಿ ರೂಢಿಯಾಗುತ್ತದೆ. ಹಿಡಿಕೆಯ ಬದಲು ಗುಂಡಿ ಒತ್ತಿ ತೆರೆಯುವ ಬಾಗಿಲುಗಳಿರುವ ಕಾರುಗಳಲ್ಲಿ, ವಿದ್ಯುತ್ ಹೋದಾಗ ಕೈಯಿಂದಲೇ ತೆರೆಯುವ ಸನ್ನೆ ಎಲ್ಲಿದೆ ಎಂಬುದನ್ನು ಮೊದಲ ದಿನವೇ ನೋಡಿಟ್ಟುಕೊಳ್ಳಬೇಕು. ಹಿಂದಿನ ಸೀಟಿನಲ್ಲಿ ಅದು ಕಣ್ಣಿಗೆ ಬೀಳದ ಜಾಗದಲ್ಲಿರುವುದುಂಟು.

ಬೆಂಕಿ

ಬೆಂಕಿ ನೀರಿಗಿಂತಲೂ ಕಡಿಮೆ ಸಮಯ ಕೊಡಬಹುದು. ಸೀಟಿನ ಫೋಮ್, ಪ್ಲಾಸ್ಟಿಕ್ ಉರಿದಾಗ ಬರುವ ವಿಷಹೊಗೆ ಜ್ವಾಲೆಗಿಂತ ಮೊದಲೇ ಎಚ್ಚರ ತಪ್ಪಿಸುತ್ತದೆ. ಇದರ ಭೀಕರತೆಯನ್ನು ಬೆಂಗಳೂರು–ಹೈದರಾಬಾದ್ ಹೆದ್ದಾರಿ ಎರಡು ಬಾರಿ ಕಂಡಿದೆ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೊರಟಿದ್ದ ವೋಲ್ವೋ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಕಟ್ಟೆಗೆ ಬಡಿದು ಹೊತ್ತಿಕೊಂಡು 45 ಮಂದಿ ಸುಟ್ಟುಹೋದರು. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸು ಕರ್ನೂಲು ಬಳಿ ಬೈಕಿಗೆ ತಗಲಿ ಹೊತ್ತಿ ಉರಿದಾಗ ಸುಮಾರು 20 ಮಂದಿ ಸತ್ತರು, ಕಿಟಕಿ ಒಡೆದುಕೊಂಡವರು ಉಳಿದರು. ತೆರೆಯಲಾಗದ ದೊಡ್ಡ ಗಾಜುಗಳಿರುವ ಬಸ್ಸುಗಳಲ್ಲಿ ಸುತ್ತಿಗೆ ಇರಬೇಕಾದರೂ ಅದು ಕಾಣೆಯಾಗಿರುವುದು ಸಾಮಾನ್ಯ ನೋಟ. ಬಸ್ಸು ಹತ್ತಿದ ಕೂಡಲೇ ತುರ್ತು ಬಾಗಿಲು ಯಾವ ಕಡೆಗಿದೆ, ಸುತ್ತಿಗೆ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಬಸ್ಸಿನ ಪ್ರಯಾಣಕ್ಕೂ ಜೇಬಿನಲ್ಲೊಂದು ಸ್ಪ್ರಿಂಗ್ ಪಂಚ್ ಭಾರವೇನಲ್ಲ.

ಕಾರಿನಲ್ಲಿ ಇಟ್ಟುಕೊಳ್ಳಲು ಒಂದು ಕೆ.ಜಿ.ಯ ಎಬಿಸಿ ಡ್ರೈ ಪೌಡರ್ ಸಿಲಿಂಡರ್ ಸೂಕ್ತ. ಪೆಟ್ರೋಲ್, ಬಟ್ಟೆ, ತಂತಿ ಮೂರರ ಬೆಂಕಿಗೂ ಅದು ಆಗುತ್ತದೆ. ಆದರೆ ಅದರ ಪುಡಿ ಹತ್ತು ಸೆಕೆಂಡಿನೊಳಗೆ ಮುಗಿಯುತ್ತದೆ. ಬಾನೆಟ್ಟಿನಿಂದ ಹೊಗೆ ಬಂದರೆ ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ ದೂರ ಕಳುಹಿಸುವುದೇ ಮೊದಲ ಕೆಲಸ. ಬಾನೆಟ್ ಪೂರ್ತಿ ಎತ್ತಿದರೆ ಗಾಳಿ ನುಗ್ಗಿ ಉರಿ ಭುಗಿಲೇಳುತ್ತದೆ. ಸ್ವಲ್ಪ ಸಂದಿ ಮಾಡಿ, ಪಿನ್ ಎಳೆದು, ಜ್ವಾಲೆಯ ಬುಡಕ್ಕೆ ಪುಡಿ ಹಾಯಿಸಬೇಕು. ಬೆಂಕಿ ಇಂಧನ ಟ್ಯಾಂಕಿನ ಕಡೆಗೋ ಕಾರಿನೊಳಕ್ಕೋ ಹಬ್ಬಿದ್ದರೆ ನಂದಿಸುವ ಸಾಹಸ ಬಿಟ್ಟು ದೂರ ಸರಿಯಬೇಕು. ವಿದ್ಯುತ್ ಕಾರಿನ ಲಿಥಿಯಂ ಬ್ಯಾಟರಿಗೆ ತಗಲಿದ ಬೆಂಕಿ ಇಷ್ಟು ಪುಡಿಗೆ ಆರುವುದಿಲ್ಲ. ಆರಿದಂತೆ ಕಂಡದ್ದು ಮತ್ತೆ ಹೊತ್ತಿಕೊಳ್ಳುವುದೂ ಉಂಟು. ಸಿಲಿಂಡರಿನ ಒತ್ತಡದ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ಆಗಾಗ ನೋಡಬೇಕು.

ಹೊರಬಂದ ಮೇಲೆ

ಕಾರಿನಿಂದ ಪಾರಾದವರು ರಸ್ತೆಯಲ್ಲೇ ನಿಂತು ಇನ್ನೊಂದು ವಾಹನಕ್ಕೆ ಸಿಕ್ಕುವುದು ಹೆದ್ದಾರಿಗಳಲ್ಲಿ ನಡೆಯುತ್ತಲೇ ಇರುತ್ತದೆ. ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕೆಟ್ಟು ನಿಂತ ಕಾರಿನ ಹಿಂದೆ 50 ಮೀಟರ್ ದೂರದಲ್ಲಿ ಕೆಂಪು ತ್ರಿಕೋನ ಇಟ್ಟರೆ ಹಿಂದಿನವನಿಗೆ ಸಿಗುವುದು ಎರಡು ಚಿಲ್ಲರೆ ಸೆಕೆಂಡು ಮಾತ್ರ. ಹೆದ್ದಾರಿಯಲ್ಲಿ ನೂರು ಮೀಟರಿಗಿಂತ ಹತ್ತಿರ ಇಡಬಾರದು. ಹಜಾರ್ಡ್ ದೀಪ ಹಾಕಿ, ಎಲ್ಲರೂ ರಸ್ತೆಯಂಚಿನ ತಡೆಬೇಲಿಯ ಆಚೆಗೆ ಹೋಗಿ ನಿಲ್ಲಬೇಕು. ತ್ರಿಕೋನದ ಜೊತೆಗೆ ಟಾರ್ಚ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಿನುಗುವ ಪಟ್ಟಿಯ ಜಾಕೆಟ್ಟು ಇದ್ದರೆ ರಾತ್ರಿಯ ಹೊತ್ತು ನೆರವಾಗುತ್ತವೆ.

ತುರ್ತು ಕರೆಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033. ಬೆಂಕಿ ಅಥವಾ ನೀರಿನ ಭಯ ಇಲ್ಲದಿದ್ದರೆ, ಕತ್ತು ಅಥವಾ ಬೆನ್ನು ನೋವೆನ್ನುವ ಗಾಯಾಳುವನ್ನು ಎಳೆದು ಹೊರತೆಗೆಯದೆ ಸಿಬ್ಬಂದಿ ಬರುವವರೆಗೆ ಅಲುಗದಂತೆ ನೋಡಿಕೊಳ್ಳಬೇಕು. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು.

ನೆರವಿಗೆ ಹೋದರೆ ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಅಂಜಿಕೆಗೆ ಈಗ ಕಾರಣವಿಲ್ಲ. ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಗೆಂದು ಪ್ರತ್ಯೇಕ ಕಾನೂನು ತಂದ ಮೊದಲ ರಾಜ್ಯ ಕರ್ನಾಟಕ. 2016ರಲ್ಲಿ ಅಂಗೀಕಾರವಾದ ಆ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಇದೇ ರಕ್ಷಣೆಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ಪೆಟ್ಟಾದ ನಂತರದ ಮೊದಲ ಒಂದು ಗಂಟೆಯನ್ನು ಅದೇ ಕಾಯ್ದೆ 'ಗೋಲ್ಡನ್ ಅವರ್' ಎಂದು ಗುರುತಿಸುತ್ತದೆ. ಆ ಗಂಟೆಯೊಳಗೆ ಚಿಕಿತ್ಸೆ ದೊರೆತರೆ ಬದುಕುವ ಸಾಧ್ಯತೆ ಅತಿ ಹೆಚ್ಚು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯೊಳಗೆ, ನಿಗದಿತ ಆಸ್ಪತ್ರೆಗಳಲ್ಲಿ ಹಣ ಕಟ್ಟದೆ ಚಿಕಿತ್ಸೆ ಪಡೆಯುವ ಅವಕಾಶವಿದೆ.